ಹನ್ನೊಂದು ಬಕೀಟು

ನಮ್ಮ ಮನಿಯಾಂವ ಊರ ಮಂದಿ ಗ್ವಾಡಿ ಬಳದು
ಖಾಲಿ ಮಾಡಿ ತಂದ ಬಕೀಟು ಒಟ್ಟ ಹನ್ನೊಂದು.
ಒಂದರ ಅಂಚಿಗೆ ಇನ್ನೂ ಗುಲಾಬಿ,
ಒಂದಕ್ಕ ಯಾವುದೋ ಬ್ಯಾಂಕಿನ ಹಳದಿ.
ಸರಳು ಕಾಸಿ ತಳಕ್ಕ ತೂತು ಹಾಕಿದಾಗ
ಸುಟ್ಟ ಪ್ಲಾಸ್ಟಿಕ್ ನಾತ ಸಡಾ ಗುಡ್ಡದ ತುಂಬ.
ಮೂಗು ಮುಚ್ಚಿಕೊಂಡು ಬಂದಳು ಮಾಲಕಿ ಎರ್ಮೆಲಿನ್‌ಬಾಯಿ:
"ಇದೇನು, ಕಾರಖಾನಿ?"
"ಹೊಲ," ಅಂದೆ.

ಹತ್ತಕ್ಕ ಇಲ್ಲಿಯ ಕೆಂಪು ಮಣ್ಣು, ಹರಳಹರಳು,
ಮುಷ್ಟಿಯೊಳಗ ಹಿಡದರ ನಿಲ್ಲಂಗಿಲ್ಲ.
ಹನ್ನೊಂದನೇದಕ್ಕ ತವರಿನ ಎರಿ,
ಜೋಳದ ಚೀಲದಾಗ ಕಟ್ಟಿ ರೈಲಿನ್ಯಾಗ ತಂದದ್ದು.
ಟಿಸಿ ಹೆಬ್ಬೆಟ್ಟಿಲೆ ಒತ್ತಿ ನೋಡಿ
ನನ್ನ ಮುಖಾ ನೋಡಿ
ಏನೂ ಕೇಳದ ಹ್ವಾದ.

ರೋಣಿ ಮಳಿ, ಮಿರಗಾ ಮಳಿ ಅಂತ
ಬೆರಳ ಮಡಚಿ ಎಣಸಾಕಿ ನಾನು.
ಇಲ್ಲಿ ಎಣಸಾಕ ಬಿಡಂಗಿಲ್ಲ ಮಳಿ.
ಬಿದ್ದದ್ದು ಬಿದ್ದಂಗ ಮೂರು ತಿಂಗಳು.
ಮೆಂತ್ಯ ಬೀಜ ಮೊಳಕಿ ಒಡದು, ತೇಲಿ,
ಗಟಾರದ ಗುಂಟ ಹೋಗಿದ್ದು ಕಣ್ಣಾರೆ ನೋಡೀನಿ.
ಮೆಣಸಿನ ಸಸಿ ನಿಂತಲ್ಲೇ ಕೊಳೀತು.
ಎರಿ ಬಕೀಟಂತೂ ನೀರ ಹಿಡಕೊಂಡು ಬಿಡವಲ್ದು,
ಹಿಂದಿನದೇನೋ ನೆನಪಿಟ್ಟವರಂಗ.
ಪುಂಡಿಪಲ್ಲೆ ಮಾತ್ರ ಸೊಕ್ಕಿ ಬೆಳೀತು.
ವಾರದಾಗ ಐದು ದಿನ ಪುಂಡಿಪಲ್ಲೆ.
"ಅವ್ವಾ, ಹಲ್ಲು ಜುಂ ಅಂತಾವ" ಅಂದಳು ದಾನಮ್ಮ.

ನಡುವ ಇನ್ನೊಂದಾತು.
ಬ್ಯಾಸಿಗ್ಯಾಗ ಊರಿದ ಕುಂಬಳ ಹಂಚಿನ ಮ್ಯಾಲ ಹಬ್ಬಿ
ಹನ್ನೆರಡು ಹೂವು ಬಿಟ್ಟಿತ್ತು.
ಸಾಂ ಜುವಾಂವ್ ಹಬ್ಬದ ಮುಂಜಾನೆ ಎದ್ದು ನೋಡಿದರ
ಒಂದೂ ಇಲ್ಲ.
ಎರ್ಮೆಲಿನ್‌ಬಾಯಿ ಮೊಮ್ಮಗನ ತಲಿ ಮ್ಯಾಲ
ಹನ್ನೆರಡೂ, ಸಿಂಬಿ ಸುತ್ತಿ.
ಕುಣಕೋತ ಬಾವಿಗೆ ಜಿಗಿಯಾಕ ಹೊಂಟಿದ್ದ ಹುಡುಗ.
ಚಂದ ಕಾಣತಿದ್ದ, ಸುಳ್ಳ ಯಾಕ ಹೇಳಲಿ.
ಎರಡು ತಿಂಗಳ ಬಾಡಿಗಿ ಉಳದಿತ್ತು,
ಬಾಯಿ ಬಿಡಲಿಲ್ಲ.
ಹಿತ್ತಲಕ್ಕ ಹೋಗಿ ಬಳ್ಳಿಗೆ ಬೈದೆ.

ದಸರಾ ಆದ ಮ್ಯಾಲ ಬಿಸಲು ತಿರುಗಿ
ಬದನಿ ಹೂ ಕಚ್ಚಿತು. ಕಾಯಿ ಆರು.
ತಂಬಾಕು ನೆನಸಿದ ನೀರು ಹೊಡದೆ, ಬೂದಿ ಉಗ್ಗಿದೆ,
ಇರಿವಿಗೆ ಸಕ್ಕರಿ ಲಂಚ ಕೊಟ್ಟು ಆ ಕಡೆ ಕಳಿಸಿದೆ.
ಬಂದರಿನ ಕಲ್ಲಿದ್ದಲ ಧೂಳಿಗೆ ಏನ ಕೊಡಲಿ?
ದಿನಾ ಎಲಿ ಒರಸಿದರ ಅರಿವಿ ಕರ್ರಗ.
ಮಗಳಿಗೆ ತೋರಿಸಿ ಅಂದೆ: "ನಮ್ಮ ಹೊಲ ಇಂಥಾ ಬಣ್ಣ."
ಆಕಿ ಮೂಸಿ ನೋಡಿದಳು:
"ಹೊಲ ಹಿಂಗ ನಾರತೈತೇನು?"
ಇಲ್ಲ. ಹಿಂಗ ನಾರಂಗಿಲ್ಲ.

ಹೆಗ್ಗಣ ಎರಡು ಕಾಯಿ ತಿಂತು. ಉಳದದ್ದು ನಾಕು,
ಮನ್ಯಾಗ ಐದು ಬಾಯಿ.
ಬಜಾರದ್ದು ಒಂದು ಸೇರಿಸಿ, ಶೇಂಗಾ ಗುರೆಳ್ಳು ತುಂಬಿ
ಎಣ್ಣಿಗಾಯಿ ಮಾಡಿದ ಮ್ಯಾಲ
ಯಾವುದು ನಂದು ಗೊತ್ತಾಗಲಿಲ್ಲ.
ಮನಿಯಾಂವ ತಾಟಿನಾಗಿಂದು ಬಾಯಿಗಿಟ್ಟು
"ಇದು ನಮ್ಮದು" ಅಂದ.
ಎಲ್ಲಾರೂ ಹಂಗ ಅಂದರು.

ಏಪ್ರಿಲ್‌ದಾಗ ನಳ ಎರಡು ದಿನಕ್ಕೊಮ್ಮೆ.
ಜಳಕದ ನೀರು, ಅಕ್ಕಿ ತೊಳದ ನೀರು
ತಂಬಿಗಿಲೆ ಅಳದು ಅಳದು ಹಂಚಿದೆ.
ಎರಿ ಬಕೀಟು ಮಾತ್ರ ಬಿರಕ ಬಿಟ್ಟಿತು,
ನನ್ನ ಬೆರಳು ಹೋಗುವಷ್ಟು ಅಗಲ.
ಅದರ ಮುಂದ ಸ್ವಲ್ಪ ಹೊತ್ತು ಕುಂತೆ
ನೀರು ಹಾಕೂಕಿಂತ ಮೊದಲ.

ಈ ವರ್ಷ ಕುಂಬಳ ಮತ್ತ ಹಬ್ಬೇತಿ.
ಎರ್ಮೆಲಿನ್‌ಬಾಯಿನ ಕರದು ಬಳ್ಳಿ ತೋರಿಸೀನಿ:
ದೇಟು ಉದ್ದ ಇದ್ದದ್ದು ಗಂಡು, ಬರೇ ಮೆರಿಯಾಕ.
ಬುಡಕ್ಕ ಗುಂಡನ್ನ ಹೀಚು ಇದ್ದದ್ದು ಹೆಣ್ಣು, ಮುಟ್ಟಬ್ಯಾಡ.
ಗಂಡಿನಾಗೂ ಎರಡು ಬಿಡು,
ಏನ ಮಾಡೂದು, ಅವೂ ಬೇಕಾಗತಾವ.
ಆಕಿ ನಕ್ಕ ನಗಿಗೆ ಎದಿ ಮ್ಯಾಲಿನ ಶಿಲುಬಿ ಕುಣೀತು.

ಇವತ್ತ ಹಬ್ಬ. ಇನ್ನೂ ಕತ್ತಲ, ಜಿಟಿಜಿಟಿ ಮಳಿ.
ಟಾರ್ಚು ಹಿಡಕೊಂಡು
ಕಿಟಕಿ ಬಡಿಯಾಕತ್ತಾಳ:
"ಬಾಯ್, ಗಂಡು ಯಾವುದು?"