ಗೇಣು

ಮೊಮ್ಮಗಳು ಪಿರೆತ್ ಎಸೆಯುತ್ತಾಳೆ,
ಆಲೂಗಡ್ಡೆಯಷ್ಟು ದಪ್ಪದ ಒಂದು ಬಿಳಿ ಉಂಡೆ.
ಬಿದ್ದಲ್ಲಿ ನೀರು ಚಿಮ್ಮುವುದಿಲ್ಲ.
ಟಿಕ್ ಅನ್ನುತ್ತದೆ, ಅಷ್ಟೇ,
ಸುತ್ತಲಿನ ಏಳು ಚೌಕ ನೀರಿಗೆ
ಬೆನ್ನುಮೂಳೆ ಬರುತ್ತದೆ.

"ನೋಡಿದ್ಯಾ ಅಜ್ಜ, ಸಮುದ್ರ ಹೆಪ್ಪುಗಟ್ಟಿತು!"
ನೋಡಿದೆ.
ಕನ್ನಡಕ ಹಣೆಗೇರಿಸಿ ಕೇಳಿದೆ, ಹಳೇ ಚಾಳಿ,
"ದಪ್ಪ ಎಷ್ಟು?"

"ಒಂದು ಚೌಕ. ಎಲ್ಲ ಕಡೆಯೂ ಒಂದೇ ಚೌಕ."

ಎಲ್ಲ ಕಡೆಯೂ ಒಂದೇ!
ಹತ್ತೊಂಬತ್ತು ಚಳಿಗಾಲ
ಹೆಲ್ಟರ್ಮಾದಿಂದ ರೋಹುಕುಲಾದವರೆಗೆ
ಬೈರಿಗೆ ಹೆಗಲಿಗೇರಿಸಿ ನಡೆದವನು ನಾನು,
ನೂರು ಹೆಜ್ಜೆಗೊಂದು ತೂತು ಕೊರೆದು
ಕೋಲು ಇಳಿಬಿಟ್ಟು ಅಳೆದವನು.
ಇಲ್ಲಿ ಗೇಣಿನ ಮೇಲೆ ನಾಲ್ಕು ಬೆರಳು,
ಅಲ್ಲಿ, ಸೆಳೆತ ತಿರುಗುವಲ್ಲಿ, ಬರೀ ಅಂಗೈ ಅಗಲ.
ಮೇಲಿನಿಂದ ಎರಡೂ ಅದೇ ಬಿಳುಪು.
ಗೇಣು ತುಂಬಿದರೆ ದಾರಿ ತೆರೆ,
ಬೆರಳು ಕಮ್ಮಿಯಾದರೆ ಮುಚ್ಚು,
ಮದುವೆ ದಿಬ್ಬಣವೇ ಬಂದು ನಿಂತರೂ ಮುಚ್ಚು.

ಹೇಳಿಕೊಟ್ಟೆ ಅವಳಿಗೆ:
ಸೀಟ್ ಬೆಲ್ಟ್ ಕಟ್ಟಬಾರದು.
ನಡುವೆ ನಿಲ್ಲಬಾರದು.
ತೀರಾ ನಿಧಾನ ಹೋಗು, ಇಲ್ಲಾ ಜೋರಾಗಿ ಹೋಗು,
ನಡುವಿನ ವೇಗಕ್ಕೆ ಅಡಿಯ ನೀರು ಅಲೆಯೇಳುತ್ತದೆ.
ಜೂನಿಪರ್ ಕೊಂಬೆ ನೆಟ್ಟ ಸಾಲು ಬಿಡಬೇಡ.

"ಆ ಗಿಡ ಇದರಲ್ಲಿಲ್ಲ" ಎಂದು
ಪಂಜು ನೆಟ್ಟಳು ಸಾಲಾಗಿ.
ಪಂಜಿನ ಬಿಸಿಗೆ ದಾರಿಯೇ ಕರಗಿತು.
ನಕ್ಕಳು, ಇನ್ನೊಂದು ಎಸೆದಳು.
ಚೀಲದಲ್ಲಿ ಇನ್ನೂ ಅರವತ್ತಮೂರು.

ಕಿಟಕಿಯಾಚೆ ಫೆಬ್ರವರಿ.
ಸಮುದ್ರ ತೆಳು ಗಂಜಿಯ ಹಾಗೆ
ದಡವನ್ನು ಮುಕ್ಕಳಿಸುತ್ತಿದೆ.
ಹಡಗು ಹೊತ್ತಿಗೆ ಸರಿಯಾಗಿ ಬರುತ್ತದೆ
ಯಾರಿಂದಲೂ ಅಳತೆ ಕೇಳದೆ.
ಬೈರಿಗೆ ಸೌದೆಮನೆಯಲ್ಲಿದೆ.
ಎಣ್ಣೆ ಹಚ್ಚುತ್ತೇನೆ, ಯಾಕೋ.

"ಈಗ ನೀನಾಡು."
ಗುಂಡಿ ಯಾವುದು ಯಾವುದಕ್ಕೋ ತಿಳಿಯದೆ
ನೇರ ನೀರಿಗೇ ಇಳಿದೆ, ಈಜಿದೆ.
ಮೇಲೆ ಅವಳ ಉಂಡೆ ಬಿತ್ತು.
ಟಿಕ್.
ತಲೆಯ ಮೇಲೆ ಹಸಿರು ಗಾಜಿನ ಸೂರು,
ಅದರಾಚೆ ಅವಳ ಚೌಕ ಪಾದಗಳು ಕುಣಿಯುತ್ತಿವೆ.
ಗುಳ್ಳೆಗಳು ಒಂದೊಂದೇ ಆರಿದವು.
ಬೆರಳು ಮರಗಟ್ಟಿತು, ನಿಜದ ಬೆರಳು.

"ಹೆದರಬೇಡ ಅಜ್ಜ,
ಸತ್ತರೆ ಹಾಸಿಗೆಯಲ್ಲಿ ಏಳುತ್ತೀಯ."

ವಂಬೋಲನ ಹಾಸಿಗೆಯನ್ನು ಸಾಲ್ಮೆ
ಏಪ್ರಿಲ್ ಮುಗಿಯುವವರೆಗೂ ಹಾಸಿದಳು,
ರಾತ್ರಿ ಹೊದಿಕೆಯ ಮೂಲೆ ಮಡಿಚಿ
ಒಬ್ಬನು ಒಳಗೆ ಸರಿಯುವಷ್ಟು ತೆರೆದಿಟ್ಟಳು.
ಆ ಜಾಗದ ತೂತು ನಾನೇ ಕೊರೆದದ್ದು.
ಗೇಣಿತ್ತು.
ಬೆಳಿಗ್ಗೆ ಗೇಣಿತ್ತು.

ಎದ್ದೆ. ಹೌದು, ಹಾಸಿಗೆಯಲ್ಲೇ,
ಕೆಂಪು ಹೊದಿಕೆ, ಪಕ್ಕದಲ್ಲೊಂದು ಕೋಳಿ.
ದಡಕ್ಕೆ ನಡೆದು, ಗುದ್ದಲಿ ಕೇಳಿ ಪಡೆದು,
ಅವಳ ನುಣುಪು ದಾರಿಯ ನಡುವೆ
ಅಗೆಯತೊಡಗಿದೆ.
"ಹಾಳು ಮಾಡಬೇಡ!"
"ಹಾಳಲ್ಲ. ಅಳತೆ."

ಉಂಡೆಯ ಚೀಲ ಮುಚ್ಚಿ ಪಕ್ಕಕ್ಕೆ ಬಂದಳು,
ತೂತಿನೊಳಗೆ ಬಗ್ಗಿದೆವು ಇಬ್ಬರೂ.
ಒಂದು ಮೀನು ಹಾದುಹೋಯಿತು.
"ಗೇಣು ಅಂದರೆ ಯಾರ ಕೈಯದು ಅಜ್ಜ?"

ನನ್ನದು, ಅಂದೆ.
ಆಟ ಅಲ್ಲಿಗೇ ಬಿಟ್ಟು
ನನ್ನ ಅಂಗೈ ಮೇಲೆ ತನ್ನದನ್ನು ಹರಡಿ ನೋಡಿದಳು,
ಎರಡು ಸಲ.
"ಮೂರು ಬೆರಳು ಕಮ್ಮಿ" ಅಂದಳು,
"ಇವತ್ತು ದಾರಿ ಮುಚ್ಚಿದೆ."