ಕಲಿಯದ ಹುಡುಗರು

ಇಸ್ತಾಂಬುಲ್, ಗೆದಿಕ್‌ಪಾಷಾ. ಮೂರನೇ ಮಹಡಿಯಲ್ಲಿ
ಚಳಿಗಾಲವಿಡೀ ಕಿಟಕಿ ಮುಚ್ಚಿರುತ್ತಿತ್ತು.
ಗಾಳಿ ತಾಗಿದರೆ ಅಂಟು ಕೆನೆಗಟ್ಟುತ್ತದೆ,
ಕೆನೆಗಟ್ಟಿದರೆ ಅಟ್ಟೆ ಕಚ್ಚುವುದಿಲ್ಲ,
ಅಟ್ಟೆ ಕಚ್ಚದಿದ್ದರೆ ಶನಿವಾರ ಬಟವಾಡೆಯಿಲ್ಲ.
ಹಾಗಾಗಿ ಏಳು ಜನ, ಒಂದು ಒಲೆ, ಬಾಯಿ ತೆರೆದ ಅಂಟಿನ ಡಬ್ಬಿ,
ಮತ್ತು ಆ ವಾಸನೆ.
ಸಿಹಿ. ನಿಜವಾಗಿ ಸಿಹಿ. ಹಸಿದ ಹೊತ್ತಲ್ಲಿ
ಬಾಯಲ್ಲಿ ನೀರೂರುವಷ್ಟು.

ನನಗೆ ಹದಿನಾಲ್ಕು. ಚಹಾ ತರುವುದು, ಮೊಳೆ ಆರಿಸುವುದು,
ಬೈಸಿಕೊಳ್ಳುವುದು ನನ್ನ ಕೆಲಸ.

ರಿಫ್ಕಿ ಉಸ್ತಾನಿಗೆ ಮೊದಲು ಮೈಯೇ ಹೇಳಿತು,
ಅವನು ಕೇಳಲಿಲ್ಲ.
ಮೂರು ಮಹಡಿ ಹತ್ತಲು ಮೂರು ಸಲ ಕೂರತೊಡಗಿದ.
ಎತ್ತಿದ ಸುತ್ತಿಗೆಯನ್ನು, ಯಾಕೆ ಎತ್ತಿದೆನೆಂದು ಮರೆತವನಂತೆ,
ಹಾಗೇ ಇಳಿಸಿದ.
ರೊಟ್ಟಿ ಕಚ್ಚಿದರೆ ರೊಟ್ಟಿಯೆಲ್ಲ ಕೆಂಪು.
ಒಸಡಿನದು, ವಯಸ್ಸಾಯಿತಲ್ಲ, ಅಂದ.
ನಲವತ್ತೊಂದು.
ಪೆಟ್ಟಿಲ್ಲದೆ ಮೊಣಕೈ ಮೇಲೊಂದು ನೇರಳೆ ಕಲೆ,
ಅದು ಮಾಸುವ ಮೊದಲೇ ಇನ್ನೊಂದು.
ಕಾಲ ತುಂಬ ದಬ್ಬಳದ ಮೊನೆಯಷ್ಟೇ ಕೆಂಪು ಚುಕ್ಕೆ,
ಯಾರೋ ಹೊಲಿಗೆಗೆ ಗುರುತು ಹಾಕಿ
ಹೊಲಿಯಲು ಮರೆತ ಹಾಗೆ.

ಮುಯೆಸ್ಸೆರ್ ಅಕ್ಕ ರಟ್ಟೆ ಹಿಡಿದು ಎಳೆದೊಯ್ದಳು.
ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಎಳೆಯ ವಯಸ್ಸಿನವಳು,
ನಾಡಿ ಹಿಡಿಯುವ ಮೊದಲು
ಅವನ ಕೋಟು ಮೂಸಿದಳಂತೆ.
ಆಮೇಲೆ ಸೂಜಿಯಿಂದ ಸೊಂಟದ ಮೂಳೆಯೊಳಗಿನ ಮಜ್ಜೆ ಹೀರಿ
ಗಾಜಿನ ಮೇಲೆ ಹರಡಿ ನೋಡಿ, ಬಂದು ಪಕ್ಕದಲ್ಲಿ ಕೂತಳು:

ಮೂಳೆಯೊಳಗೂ ಒಂದು ಕಾರ್ಖಾನೆಯಿದೆ, ಉಸ್ತಾ,
ನಿಮ್ಮದರ ಹಾಗೇ ಇಕ್ಕಟ್ಟು.
ಅಲ್ಲಿ ಕೆಂಪು ಅಂಗಿಯವನು ಉಸಿರು ಹೊರುತ್ತಾನೆ,
ಒಬ್ಬ ಚೋಟುದ್ದದವನು ಹರಿದಲ್ಲಿ ಹೊಲಿಗೆ ಹಾಕುತ್ತಾನೆ,
ಬಿಳಿಯವನು ಬಾಗಿಲು ಕಾಯುತ್ತಾನೆ.
ಎಲ್ಲರೂ ಬಂದದ್ದು ಕಲಿಯುವ ಹುಡುಗರಾಗಿಯೇ.
ಆದರೆ ಒಬ್ಬ ಹುಡುಗ ಕಲಿಯಲಿಲ್ಲ.
ಕಲಿಯಲಿಲ್ಲ, ಬಿಟ್ಟು ಹೋಗಲೂ ಇಲ್ಲ,
ತನ್ನಂಥವನೇ ಇನ್ನೊಬ್ಬನನ್ನು ಕರೆತಂದ,
ಇಬ್ಬರು ನಾಲ್ವರಾಗಿ, ನಾಲ್ವರು ಎಂಟಾಗಿ
ಮಣೆಮಣೆಯ ಮೇಲೂ ಕೂತುಬಿಟ್ಟಿದ್ದಾರೆ.
ಕೆಲಸ ಬಲ್ಲವರಿಗೆ ಕೂರಲು ಜಾಗವಿಲ್ಲ.
ರಕ್ತದ ತುಂಬ ಕಾವಲುಗಾರರ ಅಂಗಿ,
ಅಂಗಿಯೊಳಗೆ ಕಾವಲಿಲ್ಲ.

ಇದನ್ನು ಉಸ್ತಾ ನಮಗೆ ನಗುನಗುತ್ತ ಹೇಳಿದ.
ಹೇಳುವಾಗ ನನ್ನ ಕಡೆ ನೋಡಿದ.
ಸುಮ್ಮನೆ ನೋಡಿದ್ದು; ಎದುರಿಗೆ ಕೂತವನನ್ನು
ಯಾರಾದರೂ ನೋಡುತ್ತಾರೆ.
ಆದರೆ ಆ ವಾರ ಎರಡು ಜೋಡಿಗೆ
ಎಡಬಲ ಅದಲುಬದಲಾಗಿ ಅಟ್ಟೆ ಅಂಟಿಸಿದವನು ನಾನು.

ಕಲಿಯತೊಡಗಿದೆ.
ರಂಪಿಗೆ ಬೆರಳು ಸೀಳಿತು, ರಕ್ತ ಬಂತು, ನಿಂತಿತು.
ಎಷ್ಟು ಬೇಗ ನಿಂತಿತು ಎಂದು ನಾಚಿಕೆಯಾಯಿತು.
ಅವನ ಮೂಳೆಯೊಳಗಿನ ಪುಂಡರಿಗೆ ಕೇಳಿಸಲೆಂದು
ಬೇಕಾದ್ದಕ್ಕಿಂತ ಜೋರಾಗಿ ಮೊಳೆ ಹೊಡೆದೆ.
ನಾನೊಬ್ಬ ಕಲಿತರೆ
ಅಲ್ಲಿ ಒಬ್ಬನಾದರೂ ಎದ್ದು ಹೋದಾನು.
ಹದಿನಾಲ್ಕರ ಲೆಕ್ಕ.

ಔಷಧಿ ಎಲ್ಲರನ್ನೂ ಹೊಡೆಯಿತು,
ಕಲಿಯದವರನ್ನು, ಕಲಿತವರನ್ನು,
ಮೀಸೆಯನ್ನು, ಚಹಾದ ರುಚಿಯನ್ನು.
ಮಧ್ಯೆ ಒಂದು ತಿಂಗಳು ಚೆನ್ನಾಗಿದ್ದ; ಮೆಟ್ಟಿಲು ಹತ್ತಿ ಬಂದು
ನಮ್ಮನ್ನೆಲ್ಲ ಬೈದು ಹೋದ.
ಆಮೇಲೆ ಜ್ವರ. ಇಳಿಯದ ಜ್ವರ.

ಮೇ ತಿಂಗಳಲ್ಲಿ ನಾನೊಬ್ಬನೇ ಮಾಡಿದ ಮೊದಲ ಜೋಡಿ
(ಕಂದು ಬಣ್ಣ, ನಲವತ್ತೆರಡು, ಅವನದೇ ಅಳತೆ)
ಅವನ ಹಾಸಿಗೆಯ ಮೇಲಿಟ್ಟೆ.
ಹೊಲಿಗೆಯುದ್ದಕ್ಕೂ ಹೆಬ್ಬೆರಳು ಒತ್ತಿ ಎಳೆದ.
ಅಷ್ಟಕ್ಕೇ ಬೆರಳ ತುದಿ ನೀಲಿಗಟ್ಟಿತು.
ಹಿಮ್ಮಡಿ ಒಂದು ನೂಲು ಎಡಕ್ಕಿದೆ, ಅಂದ.
ನಿಜ. ಎಡಕ್ಕೇ ಇತ್ತು.

ಅವನ ಮಣೆಯ ಮೇಲೆ ಈಗ ನಾನು ಕೂರುತ್ತೇನೆ.
ಅಂಟು ಬದಲಾಗಿದೆಯಂತೆ, ಡಬ್ಬಿಯ ಮೇಲೆ ಬರೆದಿದೆ.
ನಾನು ಕಿಟಕಿಯ ಕದ ಕಿತ್ತು ಒಲೆಗೆ ಹಾಕಿದ್ದೇನೆ.
ಜನವರಿಯಲ್ಲಿ ಎಲ್ಲರೂ ಕೈಗೆ ಉಸಿರೂದಿಕೊಂಡು ಶಪಿಸುತ್ತಾರೆ.
ಶಪಿಸಲಿ.

ಹೊಸದಾಗಿ ಸೇರಿದ ಹುಡುಗ, ಜೆಮಾಲಿ,
ಇನ್ನೂ ಎಡಬಲ ಅದಲುಬದಲು ಮಾಡುತ್ತಾನೆ.
ಅವನಿಗೆ ಮೂಳೆಯೊಳಗಿನ ಕಾರ್ಖಾನೆಯ ಕತೆ
ನಾನು ಹೇಳಿಲ್ಲ.