ನೂರ ಮೂವತ್ತಮೂರು ಪೌಂಡು

ಆಗಸ್ಟ್ ಕೊನೆಯ ವಾರ ಬರುತ್ತಾರೆ ಇವರು,
ಒಬ್ಬೊಬ್ಬನೂ ಜಗಜಟ್ಟಿ.
ಬಟ್ಟೆಕೋಣೆಯ ಕಿಟಕಿಯಲ್ಲಿ ನಾನು ಕೇಳುವುದು ಎರಡೇ:
ಹೆಸರೇನು, ಬೂಟಿನ ಅಳತೆ ಎಷ್ಟು.
ಅವರು ಹೇಳುವುದು ಮೂರು.
ಮೂರನೆಯದು, ಕೇಳದೆಯೇ:
'ಓಹಾಯೊ, ಎರಡು ಸಲ ರಾಜ್ಯ ಚಾಂಪಿಯನ್.'
'ನ್ಯೂಜೆರ್ಸಿ, ನೂರ ನಲವತ್ತೊಂದು ಗೆಲುವು, ಸೋಲು ನಾಲ್ಕು.'
ನಾಲ್ಕಕ್ಕೂ ಕಾರಣವಿರುತ್ತದೆ:
ಜ್ವರ, ಮೊಣಕಾಲು, ಕುರುಡ ರೆಫರಿ, ಮತ್ತೆ ಜ್ವರ.
ನಾನು ಟವೆಲ್ ಎಣಿಸಿ ಕೊಡುತ್ತೇನೆ.

ಡಾರಿನ್ ಶಿಮ್ಕೊ ಬಂದಾಗ
ಕಿವಿ ಆಗಲೇ ಹೂಕೋಸಾಗಿತ್ತು.
ಪೆನ್ಸಿಲ್ವೇನಿಯಾದ ಗಣಿ ಮುಚ್ಚಿದ ಊರು, ಒಂದೇ ಟ್ರಾಫಿಕ್ ದೀಪ,
ಊರಬಾಗಿಲಲ್ಲಿ ಹಸಿರು ಫಲಕ:
ಚಾಂಪಿಯನ್ ಡಾರಿನ್ ಶಿಮ್ಕೊನ ಊರಿಗೆ ಸ್ವಾಗತ.
ಅವನ ತಾಯಿ ಫೋನಿನಲ್ಲಿ ತೋರಿಸಿದಳು.
ಗಾಜು ಸೀಳಿತ್ತು, ಹೆಸರು ಎರಡಾಗಿ ಕಾಣುತ್ತಿತ್ತು.

ಇಲ್ಲಿ ಅದೇ ತೂಕಕ್ಕೆ ಐದು ಜನ,
ಐವರಿಗೂ ಒಂದೊಂದು ಫಲಕ.
ತಂಡದಲ್ಲಿ ಜಾಗ ಒಂದು, ಅದರಲ್ಲಿ ಆಗಲೇ
ಆಲ್ಟ್‌ಹೌಸ್ ಕೂತಿದ್ದ, ಸೇಬು ತಿನ್ನುತ್ತ.

ಅಕ್ಟೋಬರಿನ ಆಯ್ಕೆ ಕುಸ್ತಿಗೆ ಜನರಿಲ್ಲ, ಬ್ಯಾಂಡಿಲ್ಲ.
ಬಾಗಿಲು ಹಾಕಿದ ಕೋಣೆ, ಒಬ್ಬ ಕೋಚು, ಒಂದು ಗಡಿಯಾರ,
ಮೂಲೆಯಲ್ಲಿ ಒದ್ದೆ ಮಾಪು ಹಿಡಿದ ನಾನು.
ಒಂದು ನಿಮಿಷ ನಲವತ್ತು ಸೆಕೆಂಡಿಗೆ
ಡಾರಿನ್ ಸೂರಿನ ದೀಪ ನೋಡುತ್ತಿದ್ದ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ
ಇಲ್ಲಿ ಮಣ್ಣಿಲ್ಲ. ನೀಲಿ ರಬ್ಬರು, ಔಷಧದ ವಾಸನೆ.
ಮೀಸೆಯೂ ಇನ್ನೂ ಸರಿಯಾಗಿ ಬಂದಿಲ್ಲ.
ಎದ್ದು ಕೈ ಕುಲುಕಿದ. ಆಮೇಲೆ
ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಬಂದು ಕೂತ,
ಅಲ್ಲಿ ಬೆಚ್ಚಗಿರುತ್ತದೆ.
ನಾನು ಸಾಕ್ಸ್ ಜೋಡಿ ಮಾಡುತ್ತಲೇ ಇದ್ದೆ.

ಉಳಿದವರ ಕತೆ ಬೇಕೇ?
ಓಹಾಯೊದವನು ಕ್ರಿಸ್‌ಮಸ್ಸಿಗೆ ಮನೆಗೆ ಹೋದ, ಬೂಟು ಅಂಚೆಯಲ್ಲಿ ಬಂತು.
ಒಬ್ಬನ ಭುಜ ಮೂರು ಸಲ ಕಳಚಿತು, ಈಗ ದಂತವೈದ್ಯ.
ಒಬ್ಬ ತೂಕ ಇಳಿಸಲು ಬಾಟಲಿಗೆ ಉಗುಳಿ ಉಗುಳಿ
ಕನಸಿನಲ್ಲಿ ಬ್ರೆಡ್ಡು ತಿನ್ನುತ್ತಿದ್ದವನು
ಹಾಡುವವರ ಗುಂಪು ಸೇರಿದ. ಚೆನ್ನಾಗಿ ಹಾಡುತ್ತಿದ್ದ.

ಡಾರಿನ್ ಹೋಗಲಿಲ್ಲ.
ನಾಲ್ಕು ವರ್ಷ, ಬೆಳಗಿನ ಆರಕ್ಕೆ,
ಆಲ್ಟ್‌ಹೌಸ್‌ಗೆ ಮೈ ಕೊಟ್ಟ.
'ಇನ್ನೊಮ್ಮೆ' ಎಂದರೆ ಇನ್ನೊಮ್ಮೆ ಬಿದ್ದ.
ಒಂಟಿ ಕಾಲು ಸೆಳೆಯುವ ಆ ಎಡಗಡೆಯ ಪಟ್ಟಿಗೆ
ಇವನ ಮಂಡಿಯೇ ಹಲಗೆ, ಅವನ ಭುಜವೇ ಬಳಪ.
ವರ್ಷಕ್ಕೊಮ್ಮೆ ಆಯ್ಕೆ ಕುಸ್ತಿ. ಮೊದಲ ವರ್ಷ ಚಿತ್,
ಆಮೇಲೆ ಹನ್ನೊಂದು ಅಂಕದಲ್ಲಿ, ಆರರಲ್ಲಿ, ಒಂದರಲ್ಲಿ.
ಒಂದೂ ಸೋಲೇ.

ಕಡೆಯ ಮಾರ್ಚಿನಲ್ಲಿ ರಾಷ್ಟ್ರದ ಫೈನಲ್.
ಬಟ್ಟೆಗಂಟಿನ ಜೊತೆ ನನ್ನನ್ನೂ ಒಯ್ದಿದ್ದರು.
ಸೂರಿಗೆ ತಾಗುವ ಸಾಲಿನಲ್ಲಿ ನನ್ನ ಪಕ್ಕ ಡಾರಿನ್,
ತೊಡೆಯ ಮೇಲೆ ಪಾಪ್‌ಕಾರ್ನ್, ತೂಕದ ಭಯವಿಲ್ಲದೆ.
ಕೊನೆಯ ಇಪ್ಪತ್ತು ಸೆಕೆಂಡು. ಆಲ್ಟ್‌ಹೌಸ್ ಎಡಕ್ಕೆ ಜಾರಿದ್ದೇ ತಡ
ನನ್ನ ಪಕ್ಕದ ಬಲಗಾಲು ತಾನಾಗಿ ಹಿಂದಕ್ಕೆ ಚಿಮ್ಮಿತು,
ಪಾಪ್‌ಕಾರ್ನೆಲ್ಲ ಮುಂದಿನವರ ತಲೆಮೇಲೆ.
ಇವನ ಕಾಲು ತಪ್ಪಿಸಿಕೊಂಡಿತ್ತು.
ಕೆಳಗಿನವನದು ಸಿಕ್ಕಿಬಿತ್ತು.
ಇಬ್ಬರೂ ನಕ್ಕೆವು. ನಾನು ನಿಲ್ಲಿಸಿದ ಮೇಲೂ
ಅವನು ನಗುತ್ತಲೇ ಇದ್ದ, ಮುಖ ಆಚೆ ತಿರುಗಿಸಿಕೊಂಡು.

ಮೇ ತಿಂಗಳಲ್ಲಿ ಸಾಮಾನು ತಂದೊಪ್ಪಿಸಿದ:
ಕಿವಿಪಟ್ಟಿ ಒಂದು, ಬೂಟು ಎರಡು ಜೊತೆ,
ಪಂದ್ಯದ ಉಡುಪು ಒಂದು, ಮಡಿಕೆ ಬಿಚ್ಚದ್ದು.
'ಹರಿದಿದೆ, ಬಿಸಾಡಿದೆ' ಎಂದು ಪುಸ್ತಕದಲ್ಲಿ ಬರೆದು
ಅವನ ಚೀಲಕ್ಕೇ ತುರುಕಿದೆ.
ಈಗ ಪಿಟ್ಸ್‌ಬರ್ಗಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನಂತೆ.
ಫಲಕ ಇನ್ನೂ ಇದೆಯಂತೆ. ಬಣ್ಣ ಹಚ್ಚಿಸುವುದು ಬೇಡ ಎಂದನಂತೆ ತಾಯಿಗೆ.

ಕಿಟಕಿಯಲ್ಲಿ ಯಾರೋ ಕೆಮ್ಮುತ್ತಾರೆ.
'ಇಂಡಿಯಾನಾ, ಮೂರು ಸಲ...'
ಬೂಟಿನ ಅಳತೆ ಹೇಳು ಮಗಾ.